ಅಂಕಿಗಳ ಗಣಿ

ನುಂಗಂಬಾಕ್ಕಂನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಆದಾಯ ತೆರಿಗೆ ಇಲಾಖೆಯ ಕಚೇರಿಯಿದೆ. ಸುತ್ತಲಿನ ಬೀದಿಗಳಲ್ಲಿ ತೆರಿಗೆ ಸಲಹೆಗಾರರ ನಾಮಫಲಕಗಳು. ಹಿಂದೆ ಲೆಕ್ಕ ಬರೆದು ನಮೂನೆ ತುಂಬಿಕೊಟ್ಟರೆ ಅವರ ವೃತ್ತಿ ಸಾಗುತ್ತಿತ್ತು. 2021ರ ನವೆಂಬರಿನಲ್ಲಿ ವಾರ್ಷಿಕ ಮಾಹಿತಿ ಪತ್ರ ಬಂದ ಮೇಲೆ ಬಡ್ಡಿ, ಲಾಭಾಂಶ, ಷೇರು ಮಾರಾಟಗಳ ವಿವರವನ್ನು ಇಲಾಖೆಯೇ ಮುಂದಿಡುತ್ತದೆ. ಬರೀ ತುಂಬುವ ಕೆಲಸಕ್ಕೆ ಇನ್ನು ಬೆಲೆಯೆಲ್ಲಿ?

ಒಂದೇ ಬಡ್ಡಿ ಎರಡು ಬಾರಿ ನಮೂದಾಗಿದೆಯೆ, ಜಂಟಿ ಖಾತೆಯ ಹಣವೆಲ್ಲ ಒಬ್ಬರ ತಲೆಗೇ ಬಿದ್ದಿದೆಯೆ ಎಂದು ಹಲವು ವರ್ಷಗಳ ದತ್ತಾಂಶವನ್ನು ಅಗೆದು, ತಾಳೆ ನೋಡಿ, ಆಕ್ಷೇಪ ಸಲ್ಲಿಸಬಲ್ಲವನೇ ಈಗ ಸಲಹೆಗಾರ. ಪಿಂಚಣಿಯಲ್ಲಿ ಬದುಕುವ ವೃದ್ಧೆಗೆ ಆ ಒಂದು ಸಾಲಿನ ತಪ್ಪಿನಿಂದ ನೋಟಿಸು ಬಂದೀತು.

ಕೋಲಾರದ ಗಣಿಯಲ್ಲಿ ರಾಶಿ ಅದಿರಿಗೆ ದೊರೆಯುತ್ತಿದ್ದುದು ಚಿಟಿಕೆ ಚಿನ್ನ. ಈ ಗಣಿಗಾರಿಕೆಯೂ ಅಂಥದೇ. ಆ ಚಿಟಿಕೆಗಾಗಿಯೇ ಜನ ಒಬ್ಬನನ್ನು ಬಿಟ್ಟು ಇನ್ನೊಬ್ಬನ ಮೆಟ್ಟಿಲು ಹತ್ತುತ್ತಾರೆ.