ಕತ್ತಲಲ್ಲೂ ಕೈಗೆ ಸಿಗುವ ಓರಣ

ಆಯುಧಪೂಜೆಯ ಹಿಂದಿನ ದಿನ ಮನೆಗಳಲ್ಲಿ ನಡೆಯುವ ಸಡಗರವೇ ಬೇರೆ. ಅಟ್ಟದ ಸಾಮಾನೆಲ್ಲ ಕೆಳಗಿಳಿಯುತ್ತದೆ. ಕುಡುಗೋಲು, ಈಳಿಗೆ ಮಣೆ, ಸುತ್ತಿಗೆ, ಸ್ಪ್ಯಾನರು, ಹೊಲಿಗೆ ಯಂತ್ರ ಎಲ್ಲವೂ ಒರೆಸಿಕೊಂಡು, ಎಣ್ಣೆ ಕಂಡು ಸಾಲಾಗಿ ಕೂರುತ್ತವೆ. ವರ್ಷವಿಡೀ ಹುಡುಕಿದ ಕತ್ತರಿ ಆ ಹೊತ್ತಿಗೆ ಸಿಗುತ್ತದೆ. ಟಾರ್ಚಿನೊಳಗೆ ಸೆಲ್ಲು ಸೋರಿ ತುಕ್ಕು ಹಿಡಿದದ್ದೂ ಆಗಲೇ ಗೊತ್ತಾಗುತ್ತದೆ. ಓರಣದ ರುಚಿ ಹತ್ತಿದವರಿಗೆ ಹಬ್ಬ ಶುರುವಾಗುವುದೇ ಇಲ್ಲಿಂದ.

ಇಂಥವರು ಪ್ರತಿ ಬೀದಿಯಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ಭಾನುವಾರ ಬಿಡುವಾದರೆ ಸಾಕು, ಯಾವುದೋ ಒಂದು ಕಪಾಟು ಖಾಲಿಯಾಗಿ ನೆಲದ ಮೇಲೆ ಹರಡಿಕೊಳ್ಳುತ್ತದೆ. ದಿನಾ ಬೇಕಾದದ್ದು ಎದೆಯ ಮಟ್ಟಕ್ಕೆ, ಭಾರದ್ದು ಕೆಳಕ್ಕೆ, ಅಪರೂಪದ್ದು ಮೇಲಕ್ಕೆ. ಕೊನೆಯ ಡಬ್ಬ ತನ್ನ ಜಾಗದಲ್ಲಿ ಕೂತಾಗ ಮನಸ್ಸಿಗೆ ಆಗುವ ಹಗುರವನ್ನು ಅನುಭವಿಸಿದವರೇ ಬಲ್ಲರು.

ನೆಂಟರು ಬರುತ್ತಾರೆಂದು ಅವಸರದಲ್ಲಿ ಮಾಡುವ ಅಚ್ಚುಕಟ್ಟಿಗೂ ಈ ಓರಣಕ್ಕೂ ವ್ಯತ್ಯಾಸವಿದೆ. ಇದರ ಕಣ್ಣು ಮನೆಯಲ್ಲಿ ಎಲ್ಲರಿಗಿಂತ ಅಶಕ್ತರಾದವರ ಮೇಲೆ. ಕರೆಂಟು ಹೋದ ರಾತ್ರಿ ಎದ್ದು ಕೂತ ಅಜ್ಜಿ, ಅಂಬೆಗಾಲಿಡುವ ಕೂಸು, ಆಪರೇಷನ್ ಮುಗಿಸಿ ಬಂದ ಮಾವ, ಹಸಿ ಬಾಣಂತಿ: ಇವರ ಕೈಗೆ ಬೇಕಾದದ್ದು ಸಿಗಬೇಕು, ಬೇಡದ್ದು ಸಿಗಬಾರದು.

ಈ ಮಾತನ್ನು ಒಂದು ಶಾಸ್ತ್ರದಂತೆ ಬರೆದಿಟ್ಟವರು ಇಂಗ್ಲೆಂಡಿನ ದಾದಿ ಫ್ಲಾರೆನ್ಸ್ ನೈಟಿಂಗೇಲ್. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರಲ್ಲಿ, ಅವರು ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದಾಗ ಅಲ್ಲಿ ಗಾಯಗಳಿಗಿಂತ ಹೆಚ್ಚು ಜೀವ ತೆಗೆಯುತ್ತಿದ್ದದ್ದು ಕಾಯಿಲೆ. ಮುಂದೆ ಅವರು ಬರೆದ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕ ತರಬೇತಾದ ದಾದಿಯರಿಗಿಂತ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಹೆಂಗಸರನ್ನು ಉದ್ದೇಶಿಸಿದ್ದು. ಮನೆಯ ಆರೋಗ್ಯಕ್ಕೆ ಅವರು ಹೇಳಿದ ಐದು ಅಗತ್ಯಗಳು ಶುದ್ಧ ಗಾಳಿ, ಶುದ್ಧ ನೀರು, ಸರಿಯಾದ ಚರಂಡಿ, ಶುಚಿತ್ವ, ಬೆಳಕು. ಅದೇ ಪುಸ್ತಕದಲ್ಲಿ ಸಣ್ಣಪುಟ್ಟ ವ್ಯವಸ್ಥೆಗೆಂದೇ ಒಂದು ಅಧ್ಯಾಯವಿದೆ. ನೋಡಿಕೊಳ್ಳುವವರು ಪಕ್ಕದಲ್ಲಿ ಇಲ್ಲದ ಹೊತ್ತಿನಲ್ಲೂ ಆರೈಕೆ ನಿಲ್ಲದಂತೆ ಏರ್ಪಾಡು ಮಾಡಿಡಬೇಕು ಎಂಬುದು ಅದರ ತಿರುಳು. ನೀರಿನ ಲೋಟವನ್ನು ರೋಗಿಯ ಕೈಗೆಟುಕುವಂತೆ ಇಟ್ಟು ಸಂತೆಗೆ ಹೋಗುವ ಸೊಸೆ ಮಾಡುವುದು ಇದನ್ನೇ.

ಮಂಚ ಎಲ್ಲಿ ಹಾಕಬೇಕು ಎಂಬುದಕ್ಕೂ ಪುರಾವೆಯಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ದಾಖಲೆಗಳನ್ನು ಸಂಶೋಧಕ ರೋಜರ್ ಉಲ್ರಿಚ್ ಜೋಡಿ ಜೋಡಿಯಾಗಿ ಹೋಲಿಸಿದರು. 23 ಮಂದಿಯ ಕಿಟಕಿಗೆ ಮರಗಳು ಕಾಣುತ್ತಿದ್ದವು, 23 ಮಂದಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ತೀವ್ರವಾದ ನೋವಿನ ಔಷಧವೂ ಅವರಿಗೆ ಕಡಿಮೆ ಸಾಕಾಯಿತು. 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪುಟ್ಟ ಅಧ್ಯಯನವಿದು. ಆದರೆ ಮಾವನ ಮಂಚವನ್ನು ಗೋಡೆಯ ಮೂಲೆಯಿಂದ ಹಿತ್ತಿಲ ನುಗ್ಗೆಮರ ಕಾಣುವ ಕಿಟಕಿಗೆ ಸರಿಸಲು ಇಷ್ಟು ಸಾಕು.

ಚೇತರಿಕೆಗಾಗಿಯೇ ಮನೆಯನ್ನು ಮರುಜೋಡಿಸುವ ಕಲೆ ನಮ್ಮಲ್ಲಿ ಹಳೆಯದು. ಬಾಣಂತಿ ಕೋಣೆಯನ್ನೇ ನೋಡಿ. ಹೆರಿಗೆಗೆ ಮೊದಲೇ ಹಳೆಯ ಹತ್ತಿ ಸೀರೆಗಳು ಒಗೆಸಿಕೊಂಡು, ಬಿಸಿಲಿಗೆ ಒಣಗಿ, ಚೌಕ ಚೌಕವಾಗಿ ಮಡಚಿಕೊಂಡು ಒಂದು ಬುಟ್ಟಿ ಸೇರುತ್ತವೆ. ಬಚ್ಚಲಿಗೆ ಹತ್ತಿರದ ಕೋಣೆ, ಕೈಯಳತೆಯಲ್ಲಿ ತೊಟ್ಟಿಲು, ತಲೆಯ ಬಳಿ ಬಿಸಿನೀರಿನ ಫ್ಲಾಸ್ಕು. ಹಾಲೂಡಿಸಿ ಸುಸ್ತಾದವಳು ಏಳದೆಯೇ ಎಲ್ಲ ಸಿಗಬೇಕೆಂಬ ಅಜ್ಜಿಯರ ಲೆಕ್ಕಾಚಾರಕ್ಕೆ ತಲೆಬಾಗಬೇಕು. ಒಂದನ್ನು ಮಾತ್ರ ಬಿಡಲೇಬೇಕು: ಕಿಟಕಿ ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವುದು. ಇದ್ದಿಲು ಉರಿದಾಗ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ.

ವಯಸ್ಸಾದವರಿಗೆ ಮನೆಯ ಅತಿ ಉದ್ದದ ದಾರಿಯೆಂದರೆ ಮಂಚದಿಂದ ಬಚ್ಚಲಿಗೆ ಹೋಗುವ ಹತ್ತಾರು ಹೆಜ್ಜೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆಕಸ್ಮಿಕ ಗಾಯದ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ. ಓರಣ ಬಲ್ಲವರು ಆ ದಾರಿಯನ್ನು ರಾತ್ರಿ ದೀಪ ಆರಿಸಿ ತಾವೇ ನಡೆದು ನೋಡುತ್ತಾರೆ. ಜಾರುವ ಕಾಲೊರೆಸು, ಅಡ್ಡ ಹರಿದ ವೈರು, ಮೊಮ್ಮಗನ ಆಟದ ಕಾರು ಎಲ್ಲ ಜಾಗ ಬಿಡುತ್ತವೆ. ಮಂಚದ ಬಳಿ ಸ್ವಿಚ್ಚು, ದಾರಿಯುದ್ದಕ್ಕೂ ಸಣ್ಣ ದೀಪ, ಕಮೋಡಿನ ಪಕ್ಕ ಗೋಡೆಗೆ ಗಟ್ಟಿಯಾಗಿ ಬಿಗಿದ ಹಿಡಿಕೆ. ಟವೆಲ್ ಹಾಕುವ ಸರಳು ಮೈಭಾರ ತಡೆಯುವುದಿಲ್ಲ. ಬಿ.ಪಿ. ಮಾತ್ರೆ ನುಂಗುವ ಹಲವರಿಗೆ ತಟಕ್ಕನೆ ಎದ್ದರೆ ತಲೆ ಸುತ್ತುತ್ತದೆ. ಅಂಥವರಿಗೆ ಅಂಚಿನಲ್ಲಿ ಕೂತಾಗ ಪಾದ ನೆಲ ಮುಟ್ಟುವಷ್ಟು ಎತ್ತರದ ಮಂಚವೇ ಮೊದಲ ಆಸರೆ.

ಔಷಧದ ಡಬ್ಬ ಜೋಡಿಸುವುದಂತೂ ಈ ಹವ್ಯಾಸದ ಅತ್ಯಂತ ಸೊಗಸಿನ ಭಾಗ. ವಾರದ ಏಳು ದಿನಕ್ಕೆ, ಬೆಳಗ್ಗೆ ರಾತ್ರಿಗೆ ಬೇರೆ ಬೇರೆ ಗೂಡುಗಳಿರುವ ಡಬ್ಬಿಯಲ್ಲಿ ಮಾತ್ರೆ ತುಂಬಿಟ್ಟರೆ, ನುಂಗಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಖಾಲಿ ಗೂಡೇ ಉತ್ತರ. ಸ್ಟ್ರಿಪ್ ಕತ್ತರಿಸುವಾಗ ತಾರೀಖು ಮುದ್ರಿಸಿದ ಅಂಚನ್ನು ಕೊನೆಯವರೆಗೂ ಉಳಿಸಿಕೊಳ್ಳಬೇಕು. ತೆರೆಯದ ಇನ್ಸುಲಿನ್ ಇರಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಫ್ರಿಜ್ಜಿನ ಬಾಗಿಲು ಪದೇ ಪದೇ ತೆರೆದು ಬೆಚ್ಚಗಾಗುತ್ತದೆ, ಫ್ರೀಜರಿನಲ್ಲಿ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಹಾಗಾಗಿ ಅದರ ಜಾಗ ನಡುವಿನ ಅರೆ. ಓ.ಆರ್.ಎಸ್. ಪೊಟ್ಟಣಕ್ಕೆ ಒಂದು ಲೀಟರಿನ ಬಾಟಲಿಯನ್ನು ಜೊತೆ ಮಾಡಿಟ್ಟರೆ, ಮಗುವಿಗೆ ಭೇದಿಯಾದ ಗಾಬರಿಯಲ್ಲೂ ಅಳತೆ ತಪ್ಪುವುದಿಲ್ಲ. ಸಣ್ಣ ಪೊಟ್ಟಣಗಳಿಗೆ 200 ಮಿಲಿಲೀಟರೇ ನೀರು; ಅವನ್ನು ಬೇರೆ ಡಬ್ಬಿಯಲ್ಲಿಡುವುದು ಲೇಸು.

ಬೇಡದ್ದು ಕೈಗೆ ಸಿಗದಂತೆ ಇಡುವುದು ಇನ್ನೂ ನಾಜೂಕಿನ ಕೆಲಸ. ಸೀಮೆಎಣ್ಣೆ, ಥಿನ್ನರ್, ಕಳೆನಾಶಕ ಯಾವುದೂ ಕುಡಿಯುವ ನೀರಿನ ಹಳೆಯ ಬಾಟಲಿಗೆ ಬರಕೂಡದು. ಬಾಯಾರಿದ ಮಗುವಿಗೆ ಬಾಟಲಿ ಮಾತ್ರ ಕಾಣುತ್ತದೆ. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಅಪಾಯ ಹೆಚ್ಚುತ್ತದೆ, ನೇರ ಆಸ್ಪತ್ರೆಗೇ ಓಡಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು, ರೆಗ್ಯುಲೇಟರಿಗೆ ಕೈ ಹೋಗಲು ಈರುಳ್ಳಿ ಚೀಲ ಅಡ್ಡ ಬರಬಾರದು.

ಹೊರಗಿನ ಕೆಲಸಕ್ಕೂ ಹಬ್ಬವೇ ದಾರಿ ತೋರಿಸುತ್ತದೆ. ದೀಪಾವಳಿಯ ನೀರು ತುಂಬುವ ಹಬ್ಬದಲ್ಲಿ ಹಂಡೆಯನ್ನು ಫಳಫಳ ಬೆಳಗುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಪಾತ್ರೆಯ ಒಳಗೋಡೆಗೆ, ನೀರಿನ ಅಂಚಿಗೆ ಮೊಟ್ಟೆ ಅಂಟಿಸುತ್ತದೆ. ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರಬಲ್ಲವು. ನೀರು ಚೆಲ್ಲಿದರೆ ಸಾಲದು, ಹಬ್ಬದ ಹಂಡೆಯಂತೆ ಉಜ್ಜಬೇಕು, ಅದೂ ವಾರಕ್ಕೊಮ್ಮೆ. ಹಳ್ಳಿಯಲ್ಲಾದರೆ ಸೌದೆ ರಾಶಿ ಗೋಡೆಯಿಂದ ದೂರ ಸರಿಯಬೇಕು, ಏಕೆಂದರೆ ಇಲಿ ಬಂದಲ್ಲಿ ಹಾವು ಬರುತ್ತದೆ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುವ ಕಟ್ಟುಹಾವಿನ ಕಡಿತದಿಂದ ಎಷ್ಟೋ ಸಲ ನೋವೇ ಆಗುವುದಿಲ್ಲ. ಮಂಚ, ಹಾಸಿಗೆಯಡಿ ಚೆನ್ನಾಗಿ ಸಿಕ್ಕಿಸಿದ ಸೊಳ್ಳೆಪರದೆ ಅದಕ್ಕೆ ತಡೆ.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಕಪಾಟಿನ ಬಾಗಿಲಿನ ಒಳಗಡೆ ಅಂಟಿಸುವ ಒಂದು ಹಾಳೆ. ಆಂಬುಲೆನ್ಸಿಗೆ 108, ಅನಿಲ ಸೋರಿಕೆಗೆ 1906, ಉಳಿದ ತುರ್ತಿಗೆ 112. ಅದರ ಕೆಳಗೆ ಮನೆಯ ಪ್ರತಿಯೊಬ್ಬರ ಹೆಸರು, ರಕ್ತದ ಗುಂಪು, ಆಗದ ಔಷಧ, ದಿನಾ ನುಂಗುವ ಮಾತ್ರೆ. ಕನ್ನಡಕ ಸಿಗದಿದ್ದರೂ ಅಜ್ಜಿ ಓದುವಷ್ಟು ದಪ್ಪ ಅಕ್ಷರ. ಪಕ್ಕದ ಮನೆಯ ಹುಡುಗ ಓಡಿ ಬಂದರೂ ಆಂಬುಲೆನ್ಸಿನವರಿಗೆ ಓದಿ ಹೇಳುವಂತಿರಬೇಕು. ಡಾಕ್ಟರು ಡೋಸ್ ಬದಲಿಸಿದ ದಿನವೇ ಹಾಳೆಯೂ ಬದಲಾಗಬೇಕಲ್ಲ, ಅದಕ್ಕೆಂದು ಮೇಲಿನ ಮೂಲೆಯಲ್ಲಿ ತಾರೀಖು, ಪಕ್ಕದಲ್ಲಿ ದಾರ ಕಟ್ಟಿದ ಒಂದು ಪೆನ್ಸಿಲು.