ಅಕ್ಕಿಕಾಳಿನ ಮುಂದೆ ಅತ್ತೆ

ತಾಳಮಲೆ ಕಡೆಯವರಿಗೆ ಕಚೇರಿ ಕೆಲಸವೆಂದರೆ ಈರೋಡು, ರಜೆಯೆಂದರೆ ಮೈಸೂರು. ಈರೋಡಿಗೆ ದಿಂಬಂ ಘಾಟಿಯ 27 ತಿರುವುಗಳನ್ನು ಹೊಟ್ಟೆ ತೊಳಸಿಕೊಂಡು ಇಳಿಯಬೇಕು. ಮೈಸೂರಿಗೆ ಚಾಮರಾಜನಗರದ ಬಸ್ಸು ಹತ್ತಿದರಾಯಿತು. 1956ರಲ್ಲಿ ರಾಜ್ಯಗಳ ಗಡಿ ಎಳೆದವರು ನಮ್ಮನ್ನು ಮದರಾಸಿನ ಕಡೆಯೇ ಉಳಿಸಿದರು. ಮಕ್ಕಳ ಬೇಸಿಗೆ ರಜೆ ಮಾತ್ರ ಅವರ ಕೈಗೆ ಸಿಗಲಿಲ್ಲ.

ಮೃಗಾಲಯಕ್ಕೆ ದುಡ್ಡು ಕೊಟ್ಟು ಹೋಗುವುದು ನಮ್ಮ ಸೋದರತ್ತೆಗೆ ಒಪ್ಪಿಗೆಯಿಲ್ಲ. ರಾತ್ರಿ ಕಬ್ಬಿಗೆ ನುಗ್ಗುವ ಆನೆಯನ್ನು ಪಟಾಕಿ ಹೊಡೆದು ಓಡಿಸುವವರು, ಅದನ್ನೇ ಟಿಕೆಟ್ ತೆಗೆದು ನೋಡಬೇಕೆ? ಅವಳ ವಾದ ನ್ಯಾಯವಾದದ್ದೇ. ಹಾಗಾಗಿ ಎಲ್ಲರೂ ಜಗನ್ಮೋಹನ ಅರಮನೆಗೆ ಹೋದೆವು.

ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು ಅದು. 1897ರಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋದಾಗ ರಾಜಮನೆತನದವರು ಬಂದು ನೆಲೆಸಿದ್ದೂ ಇಲ್ಲೇ. 1915ರಿಂದ ಚಿತ್ರಶಾಲೆ. ಹೆಸರಿಗೆ ಚಿತ್ರಶಾಲೆ, ಒಳಗೆ ಹೊಕ್ಕರೆ ರಾಜರ ಮನೆಯ ಅಟ್ಟ. ರವಿವರ್ಮನ ದೇವತೆಗಳ ಪಕ್ಕದಲ್ಲಿ ವಾದ್ಯಗಳು, ಕುರ್ಚಿಗಳು, ದಂತದ ಕೆತ್ತನೆಗಳು. ದಂತದ ಮುಂದೆ ಅತ್ತೆ ನಿಲ್ಲಲಿಲ್ಲ. ವೀರಪ್ಪನ್ ಕಾಲದಲ್ಲಿ ದಂತದ ಹೆಸರೆತ್ತಿದರೆ ಪೊಲೀಸರೋ ಕಳ್ಳರೋ ಬಾಗಿಲು ತಟ್ಟಬಹುದೆಂದು ಹೆದರಿ ಬಾಳಿದವಳು ಅವಳು. 2000ದ ಜುಲೈನಲ್ಲಿ ರಾಜ್‌ಕುಮಾರ್ ಅವರನ್ನು ಎತ್ತಿಕೊಂಡು ಹೋದದ್ದೂ ನಮ್ಮ ಗಾಜನೂರಿನಿಂದಲೇ ಅಲ್ಲವೆ?

ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಮಬ್ಬುಗತ್ತಲಲ್ಲಿ ಇಟ್ಟಿದ್ದಾರೆ. ಬೆರಳ ಸಂದಿಯಿಂದ ಸೋರುವ ಬೆಳಕು ಅವಳ ಮುಖಕ್ಕೆ ನಿಜವಾಗಿಯೂ ಹತ್ತಿದಂತೆ ಕಾಣುತ್ತದೆ. ನೋಡುವವರಲ್ಲಿ ಒಬ್ಬರಾದರೂ ‘ರವಿವರ್ಮ!’ ಎನ್ನದೆ ಇರುವುದಿಲ್ಲ. ಬರೆದವರು ಎಸ್. ಎಲ್. ಹಲ್ದಂಕರ್; ಅದು ಜಲವರ್ಣ; ರವಿವರ್ಮ ತೀರಿಕೊಂಡು ನಾಲ್ಕು ದಶಕಗಳಾಗುತ್ತಿದ್ದಾಗ ಹುಟ್ಟಿದ್ದು. ಹಲ್ದಂಕರರ ಮಗಳೇ ದೀಪ ಹಿಡಿದು ನಿಂತವಳು.

ಅತ್ತೆಯನ್ನು ಕಟ್ಟಿಹಾಕಿದ್ದು ಮಾತ್ರ ಅಕ್ಕಿಕಾಳು. ಒಂದೇ ಕಾಳಿನ ಮೇಲೆ ಚಿತ್ರ, ಭೂತಗನ್ನಡಿಯಲ್ಲಿ ನೋಡಬೇಕು. ರೇಷನ್ ಅಕ್ಕಿಯನ್ನು ಮೊರಕ್ಕೆ ಹಾಕಿ, ಕೇರಿ, ಕಲ್ಲು ಆರಿಸುವ ಕಣ್ಣು ಅವಳದು. ಕನ್ನಡಿಗೆ ಬಾಗಿದವಳು ಏಳಲೇ ಇಲ್ಲ. ಹಿಂದೆ ಸಾಲು ಬೆಳೆಯಿತು.

“ಇದ ಬರ್ಯಕ್ಕೆ ಕೂತವ್ನಿಗೆ ಉಣ್ಣಕ್ಕೆ ಯಾರಪ್ಪ ಇಕ್ತಿದ್ರು?”

“ರಾಜರು ಕಣತ್ತೆ.”

“ಅಂಗನ್ನು ಮತ್ತೆ. ಹಸ್ದವ್ನಾಗಿದ್ರೆ ಬಾಯ್ಗಾಕೊಂತಿದ್ದ.”

ವಿಚಿತ್ರ ವಸ್ತುಗಳ ಬಗ್ಗೆ ಇಷ್ಟು ನೇರವಾಗಿ ನಾನು ಯೋಚಿಸಿರಲಿಲ್ಲ. ಆನೆ ಹಿಡಿಸಲು ಖೆಡ್ಡಾ ಮಾಡಿಸುತ್ತಿದ್ದ ಸಂಸ್ಥಾನ ಅದು. ದೊಡ್ಡದಕ್ಕೆ ಅಲ್ಲಿ ಬರವಿರಲಿಲ್ಲ. ಒಂದು ಕಾಳಿಗೆ ಒಬ್ಬ ಮನುಷ್ಯನ ಇಡೀ ಹೊತ್ತನ್ನು ಸುರಿಯಲು ಬಿಡುವುದೇ ದೊಡ್ಡಸ್ತಿಕೆಯ ಗುರುತಾಗಿದ್ದಿರಬೇಕು.

ಮಕ್ಕಳು ಅಷ್ಟರಲ್ಲಿ ಫ್ರಾನ್ಸಿನ ಗಡಿಯಾರಕ್ಕೆ ಅಂಟಿಕೊಂಡಿದ್ದರು. ಸೆಕೆಂಡಿಗೆ ಡೋಲು, ಗಂಟೆಗೆ ಗೊಂಬೆ ಸಿಪಾಯಿಗಳ ಮೆರವಣಿಗೆ ಎಂಬ ಏರ್ಪಾಡು ಅದರದು. ಸಿಪಾಯಿಗಳು ಬರುವ ತನಕ ಕದಲುವುದಿಲ್ಲವೆಂದು ಹಟ. “ಇವ್ರು ಬರದ ಕಾದ್ರೆ ಬಸ್ಸು ಓಯ್ತದೆ. ಕತ್ತಲಾದ್ಮೇಲೆ ರಸ್ತೇಲಿ ಆನೆ ನಿಂತ್ರೆ ಈ ಸಿಪಾಯ್ಗಳು ಬಂದು ಓಡ್ಸಿಕೊಟ್ಟಾರ?” ಎಂದು ಅತ್ತೆ ಇಬ್ಬರ ರಟ್ಟೆಯನ್ನೂ ಹಿಡಿದು ಹೊರಗೆ ನಡೆಸಿದಳು.