ಮನೆಯೊಡನೆ ವೆನಿಸ್ಸಿಗೆ

ಜಾತ್ರೆಗೆ ಬಂದ ಕಮಾನುಗಾಡಿಗಳೆಲ್ಲ ಊರ ಹೊರಗಿನ ತೋಪಿನಲ್ಲಿಯೇ ಉಳಿಯುತ್ತಿದ್ದ ಕಾಲವೊಂದಿತ್ತು. ಎತ್ತುಗಳ ಕೊರಳು ಬಿಚ್ಚಿ, ಗಾಡಿಯ ಮೂಕಿಯನ್ನು ನೆಲಕ್ಕೆ ಊರಿ, ಕಾವಲಿಗೆ ಮುದುಕನೊಬ್ಬನನ್ನು ಬಿಟ್ಟು, ಉಳಿದವರು ಬುತ್ತಿಯ ಗಂಟನ್ನು ಹೊತ್ತು ತೇರಿನ ಬೀದಿಗೆ ನಡೆಯುತ್ತಿದ್ದರು. ಯೂರೋಪಿನಲ್ಲಿ ಈ ಪದ್ಧತಿಯನ್ನು ಇಂದಿಗೂ ಬಿಡದೆ, ಬಿಡಲು ಸಾಧ್ಯವೂ ಆಗದೆ, ನಡೆಸಿಕೊಂಡು ಬಂದಿರುವ ನಗರವೊಂದುಂಟು. ಅದು ಇಟಲಿಯ ವೆನಿಸ್. ಅರಸ ಬರಲಿ, ಆಳು ಬರಲಿ, ಚಕ್ರವುಳ್ಳ ವಾಹನವು ಆ ಊರ ಹೊಸ್ತಿಲಿನಲ್ಲಿ ನಿಲ್ಲಬೇಕು. ಅಲ್ಲಿಂದ ಮುಂದೆ ದೋಣಿ, ಇಲ್ಲವೇ ಕಾಲ್ನಡಿಗೆ.

ಕಾರಿನಲ್ಲಿ ಬಂದವರಿಗೆ ಇದು ಅಷ್ಟು ದೊಡ್ಡ ಸಂಗತಿಯಲ್ಲ. ಕೈಚೀಲವನ್ನು ಎತ್ತಿಕೊಂಡರೆ ಆಯಿತು. ಫಜೀತಿ ಇರುವುದು ಮನೆಯನ್ನೇ ಗಾಲಿಯ ಮೇಲೆ ಏರಿಸಿಕೊಂಡು ಬಂದವರಿಗೆ. ಯೂರೋಪಿನ ಅನೇಕ ಕುಟುಂಬಗಳು ಬೇಸಗೆಯ ರಜೆಯಲ್ಲಿ ಹೋಟೆಲುಗಳ ಹಂಗು ತೊರೆದು ಮೋಟಾರು ಮನೆಗಳಲ್ಲಿ ದೇಶ ಸುತ್ತುತ್ತವೆ. ಒಳಗೆ ಅಡಿಗೆಯ ಒಲೆ, ಮಡಿಸಿಡುವ ಮೇಜು, ಮಂಚಗಳು, ನೀರಿನ ತೊಟ್ಟಿ, ಬಚ್ಚಲು. ತುಳಸಿಕಟ್ಟೆಯೊಂದನ್ನು ಬಿಟ್ಟರೆ ಸಂಸಾರಕ್ಕೆ ಬೇಕಾದುದೆಲ್ಲ ಉಂಟು. ಇಂತಹ ಗಾಡಿಯು ಸಾಮಾನ್ಯವಾಗಿ ಆರೇಳು ಮೀಟರು ಉದ್ದ, ಹೆಚ್ಚುಕಡಿಮೆ ಮೂರು ಮೀಟರು ಎತ್ತರ. ತುಂಬಿದ ತೂಕ 3500 ಕಿಲೋಗ್ರಾಂ ಮೀರದಿದ್ದರೆ ಅದನ್ನು ನಡೆಸಲು ಕಾರಿನ ಲೈಸೆನ್ಸೇ ಸಾಕು. ಸರೋವರದ ದಂಡೆಯಲ್ಲಿ, ಪರ್ವತದ ತಪ್ಪಲಿನಲ್ಲಿ, ಅದರಂತಹ ಸುಖ ಬೇರೊಂದಿಲ್ಲ. ದಾರಿಯಲ್ಲಿ ಮಹಾನಗರವೊಂದು ಎದುರಾದ ದಿನ ಮಾತ್ರ ಅದು ಮದುವೆಯ ಮನೆಗೆ ತಂದ ಆನೆಯಂತಾಗುತ್ತದೆ. ಕಟ್ಟುವುದೆಲ್ಲಿ? ಕಾಯುವವರಾರು?

ಕಾರು ಕಳವಾದರೆ ಕಾರು ಹೋಯಿತು. ಮೋಟಾರು ಮನೆಯ ಬೀಗ ಮುರಿದರೆ ಬಟ್ಟೆಬರೆ, ಔಷಧಿ, ಪ್ರಯಾಣದ ಕಾಗದಪತ್ರ, ಮಗುವಿನ ಗೊಂಬೆ, ಆ ರಾತ್ರಿಯ ಹಾಸಿಗೆ ಎಲ್ಲವೂ ಹೋದಂತೆಯೇ. ಆದುದರಿಂದ ಆಲ್ಪ್ಸ್ ಪರ್ವತವನ್ನು ದಾಟಿ ವೆನಿಸ್ಸಿನ ದಿಕ್ಕಿಗೆ ಇಳಿಯುವ ದಂಪತಿಗಳು ಸಂತ ಮಾರ್ಕನ ಚೌಕದ ಸೊಬಗನ್ನು ಕುರಿತು ಆಡುವ ಮಾತಿಗಿಂತ, ಗಾಡಿಯನ್ನು ನಿಲ್ಲಿಸುವ ಸ್ಥಳವನ್ನು ಕುರಿತು ಆಡುವ ಮಾತೇ ಹೆಚ್ಚು. ಹಿಂದಿನ ಆಸನದ ಮಕ್ಕಳು ಕೇಳುವುದು ಒಂದೇ ಪ್ರಶ್ನೆ: ಗೊಂಡೋಲ ಯಾವಾಗ ಕಾಣುತ್ತದೆ?

ಈ ಚರ್ಚೆಯೇನೂ ಹೊಸತಲ್ಲ. ವೆನಿಸ್ ನಗರವು ನೂರಕ್ಕೂ ಮಿಕ್ಕ ಕಿರುದ್ವೀಪಗಳ ಸಮೂಹ. ನೆಲಕ್ಕೂ ಅದಕ್ಕೂ ನಡುವೆ ಹಿನ್ನೀರು ಹರಡಿದೆ. 1846ರಲ್ಲಿ ರೈಲಿನ ಸೇತುವೆ ಸಿದ್ಧವಾಗುವವರೆಗೆ ಭೂಮಾರ್ಗವಾಗಿ ಬಂದ ಪ್ರವಾಸಿಗಳು ತಮ್ಮ ಸಾರೋಟುಗಳನ್ನು ದಡದ ಮೆಸ್ತ್ರೆಯಲ್ಲಿಯೋ ಫುಸೀನದಲ್ಲಿಯೋ ಬಿಟ್ಟು ಗೊಂಡೋಲವನ್ನು ಏರಬೇಕಾಗಿತ್ತು. ಜರ್ಮನಿಯ ಮಹಾಕವಿ ಗಯಟೆ ಆ ಗೋಜಿಗೂ ಹೋಗಲಿಲ್ಲ. 1786ರ ಸೆಪ್ಟೆಂಬರ್ 28ರಂದು ಆತ ಪಾದುವಾ ನಗರದಿಂದ ಬ್ರೆಂತಾ ಕಾಲುವೆಯ ದೋಣಿಯಲ್ಲಿಯೇ ತೇಲುತ್ತ ಬಂದು ವೆನಿಸ್ಸನ್ನು ಸೇರಿದ. ಎದುರು ಬಂದ ಮೊದಲ ಗೊಂಡೋಲವನ್ನು ಕಂಡಾಗ ಅವನಿಗೆ ನೆನಪಾದದ್ದು, ಬಾಲ್ಯದಲ್ಲಿ ತಂದೆ ಇಟಲಿಯಿಂದ ತಂದಿದ್ದ ಆಟಿಕೆಯ ಗೊಂಡೋಲ.

ಮೋಟಾರು ವಾಹನಗಳ ಸೇತುವೆ ಬಂದುದು 1933ರಲ್ಲಿ. ಎಂಜಿನಿಯರ್ ಎಉಜೇನಿಯೊ ಮಿಯೋತ್ಸಿ ರೈಲಿನ ಸೇತುವೆಗೆ ಒತ್ತಿಕೊಂಡಂತೆಯೇ ಸುಮಾರು ನಾಲ್ಕು ಕಿಲೋಮೀಟರು ಉದ್ದದ ಈ ರಸ್ತೆಯನ್ನು ನೀರಿನ ಮೇಲೆ ಹಾಸಿದನು. ಇಂದು ಅದಕ್ಕೆ ಸ್ವಾತಂತ್ರ್ಯ ಸೇತುವೆಯೆಂದು ಹೆಸರು. ಅದರ ಕೊನೆಯಲ್ಲಿ ಪಿಯಾತ್ಸಾಲೆ ರೋಮಾ ಎಂಬ ಚೌಕ. ಅಲ್ಲಿಗೆ ರಸ್ತೆ ಮುಗಿಯಿತು. ಪಕ್ಕದಲ್ಲಿಯೇ 1934ರಲ್ಲಿ ಕಟ್ಟಿದ ಬಹುಮಹಡಿಯ ಗ್ಯಾರೇಜು ಇದೆಯಾದರೂ ಅದರ ಚಾವಣಿ ಮೋಟಾರು ಮನೆಯ ನೆತ್ತಿಗಿಂತ ತಗ್ಗು. ಇದನ್ನು ಅರಿಯದೆ ಸೇತುವೆಯನ್ನು ದಾಟಿ ಬಂದವರು ಹಿಂದೆ ಬಸ್ಸು, ಮುಂದೆ ಟ್ಯಾಕ್ಸಿ, ಪಕ್ಕದಲ್ಲಿ ಪೋಲೀಸಿನವನ ಸಿಳ್ಳೆ, ಇವುಗಳ ನಡುವೆ ಏಳು ಮೀಟರು ಉದ್ದದ ಮನೆಯನ್ನು ಹಿಂದಕ್ಕೆ ತಿರುಗಿಸುವ ದೃಶ್ಯವು ನೋಡುವವರಿಗೆ ವಿನೋದ, ತಿರುಗಿಸುವವರಿಗೆ ಬೆವರು.

ಸೇತುವೆ ಮುಗಿಯುವ ಮೊದಲೇ ಬಲಕ್ಕೆ ಹೊರಳಿದರೆ ಟ್ರೊಂಕೆತ್ತೊ. ಇದು ವಾಹನಗಳಿಗೆಂದೇ ನೀರನ್ನು ತುಂಬಿಸಿ ಮಾಡಿದ ಕೃತಕ ದ್ವೀಪ. ಇಲ್ಲಿ ದೊಡ್ಡ ಗಾಡಿಗಳಿಗೆ ಬಯಲು ಜಾಗವುಂಟು. 2010ರಿಂದ ಇಲ್ಲಿಗೂ ಪಿಯಾತ್ಸಾಲೆ ರೋಮಾಕ್ಕೂ ನಡುವೆ ಚಾಲಕನಿಲ್ಲದ ಪುಟ್ಟ ರೈಲು ಓಡಾಡುತ್ತದೆ. ಕೆಲವೇ ನಿಮಿಷದ ಪಯಣ. ಹತ್ತಿರದ ಸ್ಥಳ ಬೇಕೆನ್ನುವವರಿಗೆ ಇದಕ್ಕಿಂತ ಹತ್ತಿರದ್ದಿಲ್ಲ. ಹತ್ತಿರದ ಸ್ಥಳಕ್ಕೆ ತಕ್ಕಂತೆ ಬಾಡಿಗೆಯೂ ಭಾರ. ನೋಟವಂತೂ ಏನೇನೂ ಇಲ್ಲ. ಡಾಂಬರು, ಲಾರಿಗಳು, ಬಸ್ಸುಗಳ ಹೊಗೆ, ಬೇಸಗೆಯ ಬಿಸಿಲು. ಇನ್ನೊಂದು ಎಚ್ಚರಿಕೆಯೂ ಅಗತ್ಯ. ನೌಕರರ ಟೊಪ್ಪಿಗೆಯಂತಹುದನ್ನೇ ಧರಿಸಿ, ಕೈ ಅಡ್ಡ ಹಿಡಿದು, ಸರಕಾರದವರೇ ಎಂಬ ಗತ್ತಿನಲ್ಲಿ ಹೊಸಬರನ್ನು ದುಬಾರಿಯ ಖಾಸಗಿ ದೋಣಿಗಳತ್ತ ತಿರುಗಿಸುವ ದಲ್ಲಾಳಿಗಳು ಈ ದ್ವೀಪದಲ್ಲಿ ಬಹುಕಾಲದಿಂದ ಪ್ರಸಿದ್ಧರು. ನಗರದ ಜಲ-ಬಸ್ಸಿನ ಕಟ್ಟೆ ತುಸು ದೂರದಲ್ಲಿಯೇ ಇರುತ್ತದೆ. ನಕ್ಕು ತಲೆಯಾಡಿಸಿ ಮುಂದೆ ಸಾಗುವುದೇ ಜಾಣತನ.

ಸೇತುವೆಯನ್ನೇ ದಾಟದೆ, ದಡದ ಮೆಸ್ತ್ರೆಯಲ್ಲಿ ಗಾಡಿ ನಿಲ್ಲಿಸಿ ಹೋಗುವವರೂ ಉಂಟು. ಅಲ್ಲಿಂದ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ. 2015ರಲ್ಲಿ ಮೆಸ್ತ್ರೆಯ ಟ್ರಾಮು ಸಹ ಸೇತುವೆಯನ್ನು ದಾಟಿ ವೆನಿಸ್ಸನ್ನು ಮುಟ್ಟಿತು. ಅದರ ದಾರಿಯಲ್ಲಿ, ಸೇತುವೆಯ ಬುಡದಲ್ಲಿ, ಸಾನ್ ಜೂಲಿಯಾನೊ ಎಂಬ ವಿಶಾಲವಾದ ಉದ್ಯಾನ. ಹಿಂದೆ ಕಸ ಸುರಿಯುತ್ತಿದ್ದ ತಾಣದ ಮೇಲೆ ಹುಲ್ಲು ಬೆಳೆಸಿ 2004ರಲ್ಲಿ ತೆರೆದ ಈ ಉದ್ಯಾನದಿಂದ ನೀರಿನಾಚೆಯ ಗಂಟೆಗೋಪುರಗಳು ಕಾಣಿಸುತ್ತವೆ. ಅಗ್ಗದ ದಾರಿಯೇನೋ ಹೌದು. ಆದರೆ ನಗರದ ಸಾಮಾನ್ಯ ಬೀದಿಯ ಬದಿಯಲ್ಲಿ, ಕಾವಲಿಲ್ಲದ ಕಡೆ, ತುಂಬಿದ ಮನೆಯನ್ನು ದಿನವಿಡೀ ಬಿಟ್ಟು ಹೋಗುವುದಕ್ಕೆ ಬಹಳ ಮಂದಿಯ ಮನಸ್ಸು ಒಪ್ಪುವುದಿಲ್ಲ. ಒಪ್ಪದಿರುವುದೇ ಸರಿ.

ಬೀದಿಯ ಬದಿಯ ಮಾತು ಬಂದುದರಿಂದ ಇಟಲಿಯ ಕಾನೂನಿನ ಒಂದು ಸ್ವಾರಸ್ಯವನ್ನು ಹೇಳಬೇಕು. 1992ರ ರಸ್ತೆ ಸಂಹಿತೆಯ 185ನೆಯ ವಿಧಿಯ ಪ್ರಕಾರ ಮೋಟಾರು ಮನೆಯೂ ಉಳಿದ ವಾಹನಗಳಂತೆ ಒಂದು ವಾಹನವೇ. ನಿಲುಗಡೆಗೆ ಅನುಮತಿಯಿರುವಲ್ಲಿ ಅದು ತನ್ನ ಗಾಲಿಗಳ ಮೇಲಷ್ಟೇ ನಿಂತು, ಕೊಳಚೆಯನ್ನು ಹೊರಬಿಡದೆ, ತನ್ನ ಮೈಯಳತೆಗಿಂತ ಹೆಚ್ಚು ಜಾಗವನ್ನು ಆಕ್ರಮಿಸದೆ ಇರುವವರೆಗೆ ಅದು ನಿಂತಿದೆಯೆಂದೇ ಅರ್ಥ, ಬಿಡಾರ ಹೂಡಿದೆಯೆಂದಲ್ಲ. ಬಿಸಿಲಿಗೆ ಚಪ್ಪರ ಬಿಚ್ಚಿದರೆ, ಹೊರಗೆ ಕುರ್ಚಿ ಹಾಕಿದರೆ, ಸಮತಟ್ಟಿಗೆಂದು ಗಾಡಿಗೆ ಊರುಗಾಲು ಕೊಟ್ಟರೆ ಆ ಗಳಿಗೆಯಿಂದ ಅದು ಬಿಡಾರ. ಅದೇ ವಿಧಿಯ ಪ್ರಕಾರ ಹಣ ಕೊಟ್ಟು ನಿಲ್ಲಿಸುವ ಕಡೆ ಮೋಟಾರು ಮನೆಗೆ ಕಾರಿಗಿಂತ ಶೇಕಡಾ 50ರಷ್ಟು ಹೆಚ್ಚಿನ ಶುಲ್ಕ ಅನ್ವಯಿಸುತ್ತದೆ. ವಾಹನವೋ ಮನೆಯೋ ಎಂಬ ಪ್ರಶ್ನೆಗೆ ಇಷ್ಟು ಅಚ್ಚುಕಟ್ಟಾದ ಉತ್ತರ ಎಲ್ಲ ದೇಶಗಳಲ್ಲಿಯೂ ದೊರೆಯಲಾರದು.

ಇನ್ನುಳಿದವು ಎರಡು ದಾರಿಗಳು; ಎರಡೂ ನೀರಿನ ದಾರಿಗಳು. ಪೂರ್ವದಲ್ಲಿ ಹಿನ್ನೀರಿಗೂ ಕಡಲಿಗೂ ನಡುವೆ ಚಾಚಿದ ನೆಲದ ತುದಿಯಲ್ಲಿ ಪುಂತಾ ಸಬ್ಬಿಯೋನಿ ಎಂಬ ದೋಣಿಕಟ್ಟೆ. ಸಮುದ್ರಸ್ನಾನಕ್ಕೂ ನಗರದರ್ಶನಕ್ಕೂ ಒಂದೇ ಏಟಿಗೆ ಬಂದವರಿಗೆ ಇದು ಅನುಕೂಲ. ಪಶ್ಚಿಮದಲ್ಲಿ, ಬ್ರೆಂತಾ ಕಾಲುವೆಯು ಹಿನ್ನೀರನ್ನು ಕೂಡುವ ಬಾಯಿಯಲ್ಲಿ, ಫುಸೀನ. ಹಿಂದಿನ ಸಾರೋಟಿನವರು ಇಳಿಯುತ್ತಿದ್ದ ಅದೇ ಫುಸೀನ! ಬೆನ್ನ ಹಿಂದೆ ಮಾರ್ಗೇರ ಕೈಗಾರಿಕಾ ಪ್ರದೇಶದ ಚಿಮಣಿಗಳಿದ್ದರೂ ಎದುರಿಗೆ ಮರಗಳ ನೆರಳು, ನೀರು, ದೂರದಲ್ಲಿ ವೆನಿಸ್. ಇಲ್ಲಿನ ಬಿಡಾರದಾಣವನ್ನು 1950ರ ದಶಕದ ಕೊನೆಯಲ್ಲಿ ರೂಪಿಸಿದವನು ವೆನಿಸ್ಸಿನವನೇ ಆದ ಖ್ಯಾತ ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ. ಮಕ್ಕಳಿರುವ ಕುಟುಂಬಕ್ಕೆ ಎಲ್ಲಕ್ಕಿಂತ ಒಳ್ಳೆಯ ಸ್ಥಳ ಇದೇ. ಗಾಡಿ ಕಾವಲಿನೊಳಗೆ ಉಳಿಯುತ್ತದೆ. ವೆನಿಸ್ಸು ಕಾಣಬೇಕಾದ ರೀತಿಯಲ್ಲಿಯೇ, ನೀರಿನ ಮೇಲಿನಿಂದ, ಮೆಲ್ಲಮೆಲ್ಲನೆ ಕಾಣುತ್ತದೆ.

ದೋಣಿ ಇಪ್ಪತ್ತೈದು ನಿಮಿಷದ ಆಸುಪಾಸಿನಲ್ಲಿ ಹಿನ್ನೀರನ್ನು ದಾಟಿ ಅಗಲವಾದ ಜೂದೆಕ್ಕಾ ಕಾಲುವೆಯನ್ನು ಹೊಗುತ್ತದೆ. ಈ ಕಾಲುವೆಯಲ್ಲಿ ಹಿಂದೆ ಮಹಡಿಯ ಮೇಲೆ ಮಹಡಿಯಿಟ್ಟ ವಿಹಾರನೌಕೆಗಳು ದೇವಾಲಯಗಳ ಗುಮ್ಮಟಗಳನ್ನೇ ಮರೆಮಾಡುತ್ತ ಸಾಗುತ್ತಿದ್ದವು. 25,000 ಟನ್ನಿಗಿಂತ ದೊಡ್ಡ ನೌಕೆಗಳಿಗೆ ಇಲ್ಲಿ 2021ರ ಆಗಸ್ಟ್ 1ರಿಂದ ಪ್ರವೇಶವಿಲ್ಲ. ತ್ಸಾತ್ತೆರೆ ಎಂಬ ಕಟ್ಟೆಯಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಮಹಾಕಾಲುವೆಯ ಅಕ್ಕಾದೇಮಿಯಾ ಸೇತುವೆ. ಮರದ ಈ ಸೇತುವೆಯೂ 1933ರಲ್ಲಿ ಮಿಯೋತ್ಸಿಯೇ ರಚಿಸಿದ್ದು. ತಾತ್ಕಾಲಿಕವೆಂದು ಕಟ್ಟಿದುದು, ದುರಸ್ತಿಯಾಗುತ್ತ ಆಗುತ್ತ ಊರಿನ ಗುರುತೇ ಆಗಿಬಿಟ್ಟಿದೆ.

ಅಲ್ಲಿಂದ ಮುಂದೆ ಮಕ್ಕಳ ಕಣ್ಣಿಗೆ ಹಬ್ಬ. ಕಸ ಒಯ್ಯುವುದು ದೋಣಿ, ಇಟ್ಟಿಗೆ ತರುವುದು ದೋಣಿ, ತರಕಾರಿಯ ಅಂಗಡಿಯೂ ದೋಣಿಯಲ್ಲಿ. ರೋಗಿಯನ್ನು ಕೂಗುತ್ತ ಕೊಂಡೊಯ್ಯುವುದೂ ದೋಣಿಯೇ. ಸೈಕಲ್ಲಿಗೂ ಊರಿನಲ್ಲಿ ಎಡೆಯಿಲ್ಲ. ಸೇತುವೆಯ ಮೆಟ್ಟಿಲುಗಳ ಮೇಲೆ ಸಾಮಾನಿನ ಕೈಗಾಡಿಯನ್ನು ಎಳೆದೊಯ್ಯುವ ಕೂಲಿಯವನು ದಾರಿ ಬಿಡಿರೆಂದು ಕೂಗಿದಾಗ ಮಾತ್ರ ಗಾಲಿಯೆಂಬುದೊಂದುಂಟೆಂದು ನೆನಪಾಗುತ್ತದೆ. ರಿಯಾಲ್ಟೊ ಸೇತುವೆಯ ಬಳಿಯ ಮೀನಿನ ಪೇಟೆ, ಸಂತ ಮಾರ್ಕನ ಚೌಕದ ಪಾರಿವಾಳಗಳು, ಇವನ್ನೆಲ್ಲ ನಡೆದೇ ನೋಡಬಹುದು. ಜಲ-ಬಸ್ಸಿನ ಚೀಟಿ ಅಗ್ಗವಲ್ಲ. 2024ರಲ್ಲಿ 75 ನಿಮಿಷದ ಚೀಟಿಗೆ 9.50 ಯೂರೋ, ಇಡೀ ದಿನಕ್ಕೆ 25 ಯೂರೋ ಇದ್ದಿತು. ಫುಸೀನದ ದೋಣಿಗೆ ಈ ಚೀಟಿಗಳು ನಡೆಯುವುದಿಲ್ಲ. ಅದರ ಲೆಕ್ಕವೇ ಬೇರೆ.

ಇದರ ಮೇಲೆ ಹೊಸ ಸುಂಕವೊಂದು ಬಂದಿದೆ. ಬೆಳಿಗ್ಗೆ ಬಂದು ಸಂಜೆ ಮರಳುವ ಪ್ರವಾಸಿಗಳಿಂದ ಪ್ರವೇಶಶುಲ್ಕವನ್ನು ಪಡೆಯುವ ಏರ್ಪಾಡನ್ನು ವೆನಿಸ್ 2024ರ ಏಪ್ರಿಲ್ 25ರಂದು ಆರಂಭಿಸಿತು. ಆ ವರ್ಷ ಜನಜಂಗುಳಿಯ 29 ದಿನಗಳಲ್ಲಿ, ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ, ತಲೆಗೆ 5 ಯೂರೋ. 2025ರಲ್ಲಿ ದಿನಗಳು 54ಕ್ಕೆ ಏರಿದವು. ಮುಂಚಿತವಾಗಿ ಕಟ್ಟದವರಿಗೆ ದರ 10 ಯೂರೋ ಆಯಿತು. 14 ವರ್ಷ ತುಂಬದ ಮಕ್ಕಳಿಗೆ ವಿನಾಯಿತಿಯುಂಟು. ಮೋಟಾರು ಮನೆಯವರಿಗೆ ಇಲ್ಲೊಂದು ಸೂಕ್ಷ್ಮವಿದೆ. ವೆನಿಸ್ ಪುರಸಭೆಯ ಎಲ್ಲೆಯೊಳಗೆ ರಾತ್ರಿ ತಂಗಿದವರು ಈ ಸುಂಕ ಕೊಡಬೇಕಾಗಿಲ್ಲ. ಫುಸೀನವು ಆ ಎಲ್ಲೆಯೊಳಗಿದೆ. ಪುಂತಾ ಸಬ್ಬಿಯೋನಿ ಇರುವ ಕವಲ್ಲೀನೊ-ತ್ರೆಪೋರ್ತಿ 1999ರಿಂದ ಬೇರೆಯೇ ಊರಾಡಳಿತ. ಆದಕಾರಣ ಒಂದು ದಂಡೆಯಲ್ಲಿ ಮಲಗಿದವನು ಸುಮ್ಮನೆ ಒಳಗೆ ಬಂದರೆ, ಮತ್ತೊಂದು ದಂಡೆಯಲ್ಲಿ ಮಲಗಿದವನು ಹಣ ತೆರುತ್ತಾನೆ. ವಿನಾಯಿತಿಯುಳ್ಳ ಪ್ರವಾಸಿಗಳೂ ಮೊದಲೇ ಹೆಸರು ನಮೂದಿಸಿ ಅದರ ಗುರುತುಚೀಟಿಯನ್ನು ಜೇಬಿನಲ್ಲಿರಿಸಿಕೊಳ್ಳಬೇಕು. ಇಲ್ಲವಾದರೆ ತಪಾಸಣೆಯವರೊಡನೆ ವಾದ ತಪ್ಪಿದ್ದಲ್ಲ.

ಈ ಸುಂಕವನ್ನು ಬೈಯುವವರು ಬಹಳ. ಬೈಯುವ ಮೊದಲು ರಿಯಾಲ್ಟೊ ಸಮೀಪದ ಸಾನ್ ಬಾರ್ತೊಲೊಮೇಯೊ ಚೌಕದಲ್ಲಿ ಒಂದು ನಿಮಿಷ ನಿಲ್ಲಬೇಕು. ಅಲ್ಲಿನ ಔಷಧಿ ಅಂಗಡಿಯ ಕಿಟಕಿಯಲ್ಲಿ 2008ರಲ್ಲಿ ಒಂದು ಅಂಕೆಯ ಫಲಕವನ್ನು ಇಡಲಾಯಿತು. ಅದು ಹವೆಯನ್ನು ತೋರಿಸುವುದಲ್ಲ, ಹೊತ್ತನ್ನು ತೋರಿಸುವುದಲ್ಲ. ಹಳೆಯ ವೆನಿಸ್ಸಿನಲ್ಲಿ ಇನ್ನೂ ಎಷ್ಟು ಜನ ನೆಲೆಸಿದ್ದಾರೆಂಬುದನ್ನು ತೋರಿಸುವುದು. 1951ರ ಸುಮಾರಿಗೆ ದ್ವೀಪಗಳ ಈ ಹಳೆಯ ಊರಿನಲ್ಲಿ ಒಂದು ಲಕ್ಷದ ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಜನರಿದ್ದರು. 2022ರಲ್ಲಿ ಆ ಸಂಖ್ಯೆ 50,000ದ ಕೆಳಗೆ ಇಳಿಯಿತು. ಮನೆಗಳು ಪ್ರವಾಸಿಗಳ ಕೋಣೆಗಳಾದವು. ಮನೆಯವರು ಸೇತುವೆಯಾಚೆಯ ಮೆಸ್ತ್ರೆಗೆ ಹೋದರು. ಗಾಲಿಯ ಮೇಲೆ ಮನೆಯನ್ನು ತಂದವರು ಆ ಗಾಜಿನ ಮುಂದೆ ನಿಂತು, ಈ ಊರಿನಲ್ಲಿ ಮನೆಯುಳ್ಳವರ ಎಣಿಕೆಯನ್ನು ಓದುವ ಗಳಿಗೆ ಸ್ವಲ್ಪ ಮುಜುಗರದ್ದೇ ಸರಿ.

ಸಂಜೆಯಾಗುತ್ತಿದ್ದಂತೆ ತಂದೆಯ ಕಣ್ಣು ಗಡಿಯಾರದ ಮೇಲೆ. ಫುಸೀನದ ಕೊನೆಯ ದೋಣಿ ಯಾರಿಗಾಗಿಯೂ ಕಾಯುವುದಿಲ್ಲ. ಋತುವಿಗೆ ತಕ್ಕಂತೆ ಅದರ ವೇಳೆಯೂ ಬದಲಾಗುತ್ತದೆ. ಅದು ತಪ್ಪಿದರೆ ಪಿಯಾತ್ಸಾಲೆ ರೋಮಾದಿಂದ ಸುತ್ತುದಾರಿ ಹಿಡಿದು, ನಿದ್ದೆಗಣ್ಣಿನ ಮಕ್ಕಳನ್ನು ಹೊತ್ತು, ಟ್ಯಾಕ್ಸಿಗೆ ದುಡ್ಡು ತೆತ್ತು ಮರಳಬೇಕಾದೀತು. ವೆನಿಸ್ಸಿನ ಓಣಿಗಳೋ, ಅವಸರದವರನ್ನು ಕಂಡರೆ ಇನ್ನಷ್ಟು ಸುತ್ತಿಸುತ್ತವೆ. ಎರಡು ಬಾರಿ ಅದೇ ಬಾವಿಕಟ್ಟೆಯ ಬಳಿಗೆ ಬಂದು, ಮೂರನೆಯ ಬಾರಿ ಅಜ್ಜಿಯೊಬ್ಬಳು ಕೈ ತೋರಿದ ದಿಕ್ಕಿಗೆ ಓಡಿ, ತ್ಸಾತ್ತೆರೆಯ ಕಟ್ಟೆಯನ್ನು ಮುಟ್ಟುವ ವೇಳೆಗೆ ದೋಣಿಯವನು ಹಗ್ಗಕ್ಕೆ ಕೈ ಹಾಕಿರುತ್ತಾನೆ.

ಆಚೆ ದಡದಲ್ಲಿ ಮನೆ ಬಿಟ್ಟ ಹಾಗೆಯೇ ನಿಂತಿರುತ್ತದೆ. ತಾಯಿ ಮೊದಲು ಬೀಗವನ್ನು ಮುಟ್ಟಿ ನೋಡುತ್ತಾಳೆ, ಆಮೇಲೆ ಒಲೆ ಹಚ್ಚುತ್ತಾಳೆ. ಕಿರಿಯ ಮಗು ಬೂಟು ಬಿಚ್ಚುವ ಮೊದಲೇ ಮಂಚದ ಮೇಲೆ ನಿದ್ದೆಹೋಗಿದೆ. ಕಿಟಕಿಯಾಚೆ ನೀರು ಕಪ್ಪಾಗುತ್ತ, ದೂರದ ಗೋಪುರಗಳ ಬುಡದಲ್ಲಿ ಒಂದೊಂದಾಗಿ ದೀಪ ಹತ್ತುತ್ತವೆ.